ಪಾಚಿಕಲ್ಲಿನ ಮೇಲೆ ನಿಲ್ಲುವ ಮೆಟ್ಟು

ದೋಣಿ ಹತ್ತಲು ಬರುವವರು ಲೈಫ್ ಜಾಕೆಟ್ ನೋಡುತ್ತಾರೆ, ಹುಟ್ಟು ನೋಡುತ್ತಾರೆ, ತಮ್ಮ ಕಾಲು ಮಾತ್ರ ನೋಡಿಕೊಳ್ಳುವುದಿಲ್ಲ. ಹಾಗಾಗಿ ಮಾರಿಕಣಿವೆ ಹಿನ್ನೀರಿನಲ್ಲಿ ಕಯಾಕ್ ಎಂಬ ಪುಟ್ಟ ದೋಣಿ ನಡೆಸಲು ಹೇಳಿಕೊಡುವ ನನಗೆ ಮೆಟ್ಟಿನ ಪ್ರಸಂಗಗಳು ತಪ್ಪಿದ್ದಲ್ಲ. ಅಲ್ಲಿನ ದಡದ ಪಾಚಿಕಲ್ಲಿನ ಮೇಲೆಯೇ ಜಾರಿ ಕೈ ಮುರಿದುಕೊಂಡವನು ನಾನು. ಮೂಳೆಗೆ ಹಾಕಿದ ರಾಡ್ ಇನ್ನೂ ಒಳಗಿದೆ. ಆದ್ದರಿಂದ ಈ ವಿಷಯದಲ್ಲಿ ನನಗೆ ನಗು ಬರುವುದು ಸ್ವಲ್ಪ ತಡ.

೧. ಗಮ್‌ಬೂಟು

ಬಬ್ಬೂರಿನ ರೈತರೊಬ್ಬರು ಮೊಣಕಾಲುದ್ದದ ಗಮ್‌ಬೂಟು ಹಾಕಿಕೊಂಡು ಬಂದರು. ತಳದಲ್ಲಿ ಟ್ರ್ಯಾಕ್ಟರ್ ಟೈರಿನಂಥ ಹಲ್ಲು.

"ಹಿಡಿತ ಚೆನ್ನಾಗೈತೆ. ಆದ್ರೆ ದೋಣಿ ಮಗುಚಿದ್ರೆ ಒಳಗೆ ನೀರು ತುಂಬ್ತದೆ" ಎಂದೆ.

"ತುಂಬಿದ್ರೆ ಬಿಚ್ಚಿ ಸುರಿದ್ರಾತು."

"ಮುಳುಗೋವಾಗ?"

ಅವರು ಗಂಭೀರವಾಗಿ ಯೋಚಿಸಿದರು. "ಆವಾಗ ನೀವು ಬಿಚ್ರಿ."

೨. ಹೊಸ ಶೂ

ಅಂದಿನಿಂದ ಎಲ್ಲರಿಗೂ ಫೋನಿನಲ್ಲೇ ಹೇಳತೊಡಗಿದೆ: ರಬ್ಬರ್ ತಳ ತೆಳುವಾಗಿರಲಿ, ಅದರಲ್ಲಿ ಸಣ್ಣ ಗೀರುಗಳಿರಲಿ, ನೀರು ಹೊರಹೋಗಲು ತೂತಿರಲಿ, ಹಿಮ್ಮಡಿ ಬಿಗಿಯಾಗಿರಲಿ. ಅಂಗಡಿಯ ಮೆಟ್ಟಿಲು ಒದ್ದೆ ಮಾಡಿಸಿ, ಮೇಲೆ ನಿಂತು ನೋಡಿಯೇ ಕೊಳ್ಳಿ.

ಹೊಳಲ್ಕೆರೆಯ ಬಟ್ಟೆ ವ್ಯಾಪಾರಿಯೊಬ್ಬರು ಹೇಳಿದಂತೆಯೇ ಕೊಂಡರು. ದಡದಲ್ಲಿ ನೋಡಿದರೆ ಎರಡೂ ಶೂಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡಿದ್ದಾರೆ. ಬೇಡ ಎನ್ನುವಷ್ಟರಲ್ಲಿ ಕಲ್ಲಿನ ಮೇಲೆ ಕಾಲಿಟ್ಟು ಧೊಪ್ಪನೆ ಕೂತರು. ಓಡಿಹೋಗಿ ಎತ್ತಿದೆ. ಸೊಂಟ ಸವರಿಕೊಳ್ಳುತ್ತಲೇ ಶೂ ನೋಡಿಕೊಂಡರು. "ಸದ್ಯ, ನೆಂದಿಲ್ಲ ಬಿಡ್ರಿ."

೩. ಟೀಚರಮ್ಮ

ಶ್ರೀರಾಂಪುರದ ನಿವೃತ್ತ ಅಂಗನವಾಡಿ ಟೀಚರಮ್ಮನಿಗೆ ಮಂಡಿ ಆಪರೇಷನ್ ಆಗಿತ್ತು. ಒಮ್ಮೆಯಾದರೂ ತಾವೇ ಹುಟ್ಟು ಹಾಕಬೇಕೆಂಬುದು ಅವರ ಆಸೆ. ಜೊತೆಗೆ ಬಂದ ಮಗ ಮೊದಲೇ ಹೇಳಿದ: "ಜಾರಿದ್ರೆ ಇದೇ ಕೊನೆ ಸರ್. ಆಮೇಲೆ ಅಮ್ಮನ್ನ ಎಲ್ಲಿಗೂ ಕಳಿಸಲ್ಲ."

ಅಮ್ಮನ ಮುಖ ಸಪ್ಪಗಾಯಿತು. ನನಗೂ ಸಂಕಟವಾಯಿತು. ಅವತ್ತು ದೋಣಿ ಬೇಡವೆಂದು, ಅವರನ್ನು ಹಿರಿಯೂರಿನ ಅಂಗಡಿಗೆ ಕರೆದೊಯ್ದು ನಾನೇ ಶೂ ಆರಿಸಿಕೊಟ್ಟೆ.

ಮರುವಾರ ಟೀಚರಮ್ಮ ಆ ಶೂ ಹಾಕಿಕೊಂಡು, ಮಗನ ಜೊತೆ ಒಣ ದಡದಲ್ಲಿ ಠೀವಿಯಿಂದ ನಡೆದು ಬಂದರು. ಪಾಚಿಕಲ್ಲು ಶುರುವಾಗುವ ಕಡೆ ನಿಂತು, ಶೂ ಬಿಚ್ಚಿ ಜೋಡಿಸಿಟ್ಟು, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಅಮ್ಮಾ, ಶೂ ಹಾಕ್ಕಳ್ರಿ" ಎಂದೆ.

"ಮೆಟ್ಟಾಕ್ಕಂಡು ಗಂಗಮ್ಮನ್ನ ತುಳಿಯಾದೇನಪ್ಪ?"

ಬರಿಗಾಲಲ್ಲಿ ಹೊರಟೇಬಿಟ್ಟರು. ಹಿಡಿದುಕೊಳ್ಳಲು ಓಡಿದೆ. ಅವರು ಬೆರಳೂರಿ ಬೆರಳೂರಿ ನಡೆದು ದೋಣಿಯಲ್ಲಿ ಕೂತರು. ಅಷ್ಟೆಲ್ಲ ಗ್ರಿಪ್ ಪಾಠ ಹೇಳುವ ನಾನು ಕಾಲಲ್ಲಿ ಶೂ ಇದ್ದೂ ಜಾರಿ, ಕುತ್ತಿಗೆವರೆಗೆ ನೀರಲ್ಲಿದ್ದೆ. ಟೀಚರಮ್ಮ ಕೂತಲ್ಲಿಂದಲೇ ಹುಟ್ಟು ಚಾಚಿದರು. ಅದನ್ನು ಹಿಡಿದು ಎದ್ದೆ.

ದಡದಲ್ಲಿ ನಿಂತು ಎಲ್ಲ ನೋಡಿದ ಮಗ ನಗಲಿಲ್ಲ.

"ಇನ್ಮೇಲೆ ವಾರ ವಾರ ಅಮ್ಮನ್ನ ಕಳಿಸ್ತೀನಿ ಸರ್" ಎಂದ. "ನಿಮ್ಮನ್ನ ಹಿಡ್ಕಳಾಕೆ ಒಬ್ರಾದ್ರೂ ಬೇಕಲ್ಲ."