ವಿಚ್ಛೇದನಕ್ಕೆ ಹೊರಟ ಕಾರು

ಸ್ಪಿರಿದೋನ್ ಊರಿನ ಹೆಂಡದಂಗಡಿಯಲ್ಲಿ ನಿಂತು ಎದೆ ತಟ್ಟಿ ಸಾರಿಬಿಟ್ಟಿದ್ದ.

"ದೊನ್ಕಾ ಕೋರ್ಟಿಗೆ ಹೋಗೋದು ನನ್ನ ಕಾರಲ್ಲೇ! ಗಂಡನ್ನ ಬಿಡೋಕೆ ಸ್ಪಿರಿದೋನನ ಹೆಂಡ್ತಿ ಬಸ್ಸಲ್ಲಿ ನೇತಾಡ್ಕೊಂಡು ಹೋದ್ಲು ಅಂತ ಯಾರೂ ಆಡ್ಕೋಬಾರ್ದು!"

ಪ್ಲಮ್ ಸಾರಾಯಿ ಹೀರುತ್ತಿದ್ದವರೆಲ್ಲ ಮೇಜು ಗುದ್ದಿ ಭೇಷ್ ಎಂದರು. ಇಂಥ ಗಂಡ ಯಾರಿಗೆ ಸಿಗುತ್ತಾನೆ! ಸಿಕ್ಕವಳು ಬಿಟ್ಟು ಹೊರಟಿದ್ದಳು, ಅದು ಬೇರೆ ಮಾತು.

ಬಿಡುವುದಕ್ಕೆ ಕಾರಣವೂ ಆ ಕಾರೇ. ಪೂರ್ತಿ ಕಾರಲ್ಲ, ಅದರ ಬ್ಯಾಟರಿ. ಟ್ರೊಯಾನ್ ಪಟ್ಟಣದ ಮೇಲಿನ ಆ ಬೆಟ್ಟದೂರಿನಲ್ಲಿ, ಒಗೆದು ಹರವಿದ ಅಂಗಿ ಹಲಗೆಯಾಗಿ ನಿಲ್ಲುವಂಥ ಚಳಿ. ಬ್ಯಾಟರಿಯನ್ನು ಹೊರಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಹೆಣ. ಅದಕ್ಕೇ ಊರ ಗಂಡಸರು ಸಂಜೆಯಾದರೆ ಅದನ್ನು ಬಿಚ್ಚಿ ಮನೆಯೊಳಗೆ ಹೊತ್ತು ತರುತ್ತಾರೆ. ಉಳಿದವರು ಅಡುಗೆಮನೆಯ ಮೂಲೆಯಲ್ಲಿಟ್ಟರು, ಸ್ಪಿರಿದೋನ್ ಮಲಗುವ ಕೋಣೆಗೇ ತಂದ. ಒಲೆಯ ಪಕ್ಕದ ಬೆಚ್ಚನೆ ಜಾಗ ಬ್ಯಾಟರಿಗೆ ಹೋಯಿತು, ದೊನ್ಕಾ ಕಿಟಕಿಯ ಕಡೆ ಸರಿದಳು. ಮೇಲೆ ಉಣ್ಣೆಯ ಕಂಬಳಿ ಬೇರೆ. ದೊನ್ಕಾಳ ಮೇಲಲ್ಲ ಸ್ವಾಮಿ, ಬ್ಯಾಟರಿಯ ಮೇಲೆ!

ಎಂಜಿನ್ ಎಲ್ಲೇ ಕೆಮ್ಮಲಿ, ಸ್ಪಿರಿದೋನ್ ಅಲ್ಲಿಗೆ ಓಡುತ್ತಿದ್ದ. ಮಾವನನ್ನು ಮಣ್ಣು ಮಾಡುವ ದಿನವೂ ಹಾಗೇ ಆಯಿತು. ಶವಪೆಟ್ಟಿಗೆಯ ಒಂದು ಮೂಲೆ ಅವನ ಹೆಗಲ ಮೇಲಿತ್ತು. ಇಗರ್ಜಿಯ ಹೊರಗೆ ಆರಿಸದೆ ಬಿಟ್ಟಿದ್ದ ಅವನ ಕಾರು ಗೊರ್ ಎಂದಿತು. ಮೂಲೆಯನ್ನು ಪಾದ್ರಿಯ ಕೈಗೆ ತುರುಕಿ ಓಡಿದ! ಸತ್ತವನು ಒಂದು ಪಕ್ಕಕ್ಕೆ ವಾಲಿದ, ಬದುಕಿದ್ದವರು ಬಾಯಿ ಮೇಲೆ ಕೈಯಿಟ್ಟರು.

ಈ ಸಲ ಕ್ರಿಸ್ಮಸ್‌ಗೆ ಮೊದಲೇ ದೊನ್ಕಾ ಪೆಟ್ಟಿಗೆ ಎತ್ತಿಕೊಂಡು ಪಕ್ಕದ ಓಣಿಯ ತಾಯಿಮನೆಗೆ ನಡೆದಳು. ಇಬ್ಬರೂ ಒಪ್ಪಿ ಅರ್ಜಿಗೆ ರುಜು ಹಾಕಿದ್ದೂ ಆಯಿತು.

ಕೋರ್ಟಿನ ದಿನ ಬೆಳಗ್ಗೆ ದೊನ್ಕಾ ಹಬ್ಬದ ಕೋಟು ತೊಟ್ಟು ಗಂಡನ ಮನೆಯ ಅಂಗಳಕ್ಕೆ ಬಂದಳು. ಹಿಂದೆ ತಾಯಿ ನೇಡಾ. ಮಗಳು ವಾಪಸ್ ಬರುವಾಗ ಒಬ್ಬಳೇ ಆಗಬಾರದೆಂದು ಮುದುಕಿಯೂ ಹೊರಟಿದ್ದಳು. ಸ್ಪಿರಿದೋನ್ ಮಹಾರಾಜನಂತೆ ಬಾಗಿಲು ತೆರೆದು ಹಿಡಿದ, ಕೂತ, ಕೀಲಿ ತಿರುಗಿಸಿದ.

ಟಿಕ್.

ಮತ್ತೆ ತಿರುಗಿಸಿದ. ಈ ಸಲ ಟಿಕ್ ಕೂಡ ಇಲ್ಲ! ಬಾನೆಟ್ ಎತ್ತಿದರೆ ಬ್ಯಾಟರಿಯ ಎರಡು ಕೊಂಬಿಗೂ ಬೂಷ್ಟು ಹಿಡಿದ ಚೀಸಿನ ಹಾಗೆ ಹಸಿರುಬಿಳಿ ಕಿಲುಬು.

"ಬೇಕಂತಲೇ ಮಾಡಿದ್ದೀಯ!" ದೊನ್ಕಾ ಕಿರುಚಿದಳು. "ಇಬ್ರೂ ಜಡ್ಜ್ ಮುಂದೆ ಇರ್ಲೇಬೇಕು. ಒಬ್ರು ಬರ್ದಿದ್ರೂ, ಮಧ್ಯ ಒಬ್ರು ಎದ್ದು ಹೋದ್ರೂ ಅರ್ಜಿ ಬಿದ್ದೋಗುತ್ತೆ. ಅದಕ್ಕೇ ತಾನೆ ಈ ನಾಟಕ?"

"ನಾನಾ? ಬೇಕಾದ್ರೆ ಹೆಂಡ್ತೀನ ಬಿಟ್ಟೇನು, ಬ್ಯಾಟರಿ ಕೊಲ್ಲೋ ಪಾಪಿ ಅಲ್ಲ ನಾನು!"

"ಗೊತ್ತು. ಅದಕ್ಕೇ ಹೊರಟಿರೋದು ನಾನು."

ಸ್ಪಿರಿದೋನ್ ತಲೆ ತಗ್ಗಿಸಿ ಚಾಕುವಿನಿಂದ ಕಿಲುಬು ಕೆರೆಯತೊಡಗಿದ.

"ಮತ್ತೆ ಹೇಗೆ ಸತ್ತಳು ನಿನ್ನ ಪಟ್ಟದ ರಾಣಿ? ಒಲೆ ಪಕ್ಕ ಮಲಗಿಸ್ಲಿಲ್ವಾ?"

"ನೀನು ಹೋದ್ಮೇಲೆ ಒಳಗೆ ತಂದಿಲ್ಲ."

"ಒಂದಿನಾನೂ?"

"ಒಂದಿನಾನೂ. ಆ ಜಾಗ ಖಾಲಿ ಇರ್ಲಿ ಅಂತ..."

ದೊನ್ಕಾ ಕೈಗವಸನ್ನು ತೆಗೆದಳು, ಮತ್ತೆ ಹಾಕಿಕೊಂಡಳು. "ನಾನಿದ್ದಾಗ ಈ ಬುದ್ಧಿ ಎಲ್ಲಿ ಹೋಗಿತ್ತು? ಸಾಕು, ಮಾತು ನಿಲ್ಸಿ ತಳ್ಳು."

ಅಂಗಳದ ಮುಂದೆಯೇ ಇಳಿಜಾರು. ಉರುಳಿಸಿಬಿಟ್ಟರೆ ಎಂಜಿನ್ ಎದ್ದೀತು. ಕೂಗಿದ್ದಕ್ಕೆ ಪಕ್ಕದ ಮನೆಯ ಕಾಮೆನ್ ಬಂದು ಹಿಂದೆ ಹೆಗಲು ಕೊಟ್ಟ. ಇನ್ನೇನು ತಳ್ಳಬೇಕು, ಅಷ್ಟರಲ್ಲಿ ನೇಡಾ ಒಂದು ಬಕೆಟ್ ನೀರನ್ನು ಚಕ್ರದ ಮುಂದೆ ಸುರಿದೇಬಿಟ್ಟಳು! ಮನೆಯಿಂದ ಹೊರಟವರ ದಾರಿ ನೀರಿನಂತೆ ಸಲೀಸಾಗಿ ಸಾಗಲೆಂದು ನೀರು ಸುರಿಯುವುದು ಅಲ್ಲಿನ ವಾಡಿಕೆ.

"ಅಮ್ಮಾ! ವಿಚ್ಛೇದನಕ್ಕೆ ಯಾರಾದ್ರೂ ನೀರು ಹಾಕ್ತಾರಾ?"

"ದಾರಿಗೆ ಹಾಕಿದ್ದು ಕಣೇ. ನಿನ್ನ ಮದುವೆಗೂ ಹಾಕಿದ್ದೆ."

"ಅದು ಎಷ್ಟು ಸಲೀಸಾಗಿ ಸಾಗ್ತು ಅಂತ ನೋಡ್ತಾ ಇದೀನಲ್ಲ!"

ಆ ಚಳಿಗೆ ನೀರು ನೋಡನೋಡುತ್ತಲೇ ಗಾಜಾಯಿತು. ಕಾಮೆನ್ ಒಂದು ಹೆಜ್ಜೆ ಇಟ್ಟ, ಎರಡು ಕಾಲೂ ಆಕಾಶ ನೋಡಿದವು. ಅವನನ್ನು ಎಬ್ಬಿಸಲು ಬಗ್ಗಿದ ದೊನ್ಕಾ ಅವನ ಮೇಲೇ ಕೂತಳು. ಕಾರು ಯಾರ ಅಪ್ಪಣೆಗೂ ಕಾಯದೆ ಅಡ್ಡಡ್ಡ ಜಾರಿಕೊಂಡು ಹೋಗಿ ಬೇಲಿಗೆ ಮುತ್ತಿಟ್ಟಿತು. ಒಲೆಯ ಬೂದಿ ತಂದು ಚೆಲ್ಲಿದರು, ಬೈದರು, ತಳ್ಳಿದರು, ಮತ್ತೆ ಬೈದರು. ಕೊನೆಗೆ ಇಳಿಜಾರಿನ ಬುಡದಲ್ಲಿ ಎಂಜಿನ್ ಕರೀ ಹೊಗೆ ಕಾರಿ ಎದ್ದಿತು!

"ನೋಡಿದ್ಯಾ!" ಸ್ಪಿರಿದೋನ್ ಬೀಗಿದ.

"ಏನು ನೋಡ್ಲಿ? ಕೋಟಿನ ಹಿಂಭಾಗಕ್ಕೆಲ್ಲ ಬೂದಿ ಮೆತ್ತಿದೆ, ಅದನ್ನ ಜಡ್ಜ್ ನೋಡ್ತಾರೆ."

ಕೋರ್ಟಿನ ಮುಂದೆ ನಿಲ್ಲಿಸಿದ ಮೇಲೆ ಹೊಸ ಸಂಕಟ. ಎಂಜಿನ್ ಆರಿಸಿದರೆ ಮತ್ತೆ ಏಳುವುದಿಲ್ಲ, ಊರಿಗೆ ಹಿಂದಿರುಗುವ ಬಸ್ಸು ಸಂಜೆಗೇ. ಯಾರಾದರೂ ಕಾರಲ್ಲೇ ಕೂತು ಆಕ್ಸಿಲರೇಟರ್ ಒತ್ತುತ್ತಿರಬೇಕು. ಆದರೆ ಒಳಗೆ ಇಬ್ಬರೂ ಬೇಕು! ಸ್ಪಿರಿದೋನ್ ಅತ್ತೆಯನ್ನು ಮುಂದಿನ ಸೀಟಿಗೆ ದಾಟಿಸಿ, ಬೂಟು ಹಾಕಿದ ಅವಳ ಪಾದವನ್ನು ತಾನೇ ಹಿಡಿದು ಆಕ್ಸಿಲರೇಟರ್ ಮೇಲಿಟ್ಟ.

"ಹೀಗೇ ಒತ್ತಿ ಹಿಡ್ಕೊಳ್ಳಿ ಅತ್ತೆ. ಕಾಲೆತ್ತಿದ್ರೆ ಕೆಟ್ಟಿತು."

"ಹೋಗಪ್ಪ ಹೋಗು. ಮದುವೆ ಆದಾಗಿಂದ ನಿನ್ನನ್ನೇ ತಡ್ಕೊಂಡಿದೀನಿ, ಇದ್ಯಾವ ಭಾರ!"

ಒಳಗೆ ಜಡ್ಜಮ್ಮ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದರು. "ನಿಮ್ಮಿಬ್ಬರ ನಿರ್ಧಾರ ಗಟ್ಟಿಯಾ? ಇನ್ನೊಂದ್ಸಲ ಯೋಚಿಸಿ ಹೇಳಿ, ಅವಸರ ಇಲ್ಲ."

ಆಗ ಹೊರಗೆ ಎಂಜಿನ್ ಕೆಮ್ಮಿತು.

ಸ್ಪಿರಿದೋನನ ಬಲಮೊಣಕಾಲು ತಾನೇ ತಾನಾಗಿ ಬಾಗಿಲ ಕಡೆ ತಿರುಗಿತು. ದೊನ್ಕಾ ಅವನ ಮುಖ ನೋಡಲಿಲ್ಲ, ಆ ಮೊಣಕಾಲನ್ನೇ ನೋಡುತ್ತಿದ್ದಳು. ಮತ್ತೆ ಕೆಮ್ಮು, ಈ ಸಲ ಉದ್ದಕ್ಕೆ. ಅವನು ಎರಡೂ ಕೈಯಿಂದ ಮೊಣಕಾಲನ್ನು ಅದುಮಿ ಹಿಡಿದ. ಕೊನೆಯದಾಗಿ ಒಂದು ಗೊರಕೆ, ಆಮೇಲೆ ಏನೂ ಇಲ್ಲ. ಸತ್ತಿತು.

ಸ್ಪಿರಿದೋನ್ ಏಳಲಿಲ್ಲ! ಜೀವಮಾನದಲ್ಲಿ ಮೊದಲ ಸಲ ಕೂತಲ್ಲೇ ಕೂತಿದ್ದ. ಆ ಮೊಣಕಾಲಿನಿಂದ ಕಣ್ಣೆತ್ತಿದ ದೊನ್ಕಾಳ ಮುಖ ಮೆತ್ತಗಾಗಿತ್ತು. ಏನೋ ಹೇಳಲೆಂದು ತುಟಿ ತೆರೆದಳು. ಆದರೆ ತನ್ನ ಗಂಡಸುತನಕ್ಕೆ ತಾನೇ ಬೆರಗಾಗಿದ್ದ ಸ್ಪಿರಿದೋನ್, ಕೊಟ್ಟ ಮಾತಿಗೆ ತಪ್ಪದವನು ತಾನೆಂದು ಇಡೀ ಕೋರ್ಟಿಗೆ ಗೊತ್ತಾಗಲೆಂದು, ಎದೆಯುಬ್ಬಿಸಿ ಮೊದಲು ಬಾಯಿ ಬಿಟ್ಟ.

"ಗಟ್ಟಿ, ಮೇಡಂ! ಬಂಡೆಯಷ್ಟು ಗಟ್ಟಿ!"

ದೊನ್ಕಾಳ ತುಟಿ ಮುಚ್ಚಿತು. ಕೋಟಿನ ಬೂದಿ ಕೊಡವಿ, "ಹಾಗಾದ್ರೆ ನಂದೂ ಗಟ್ಟಿ" ಎಂದಳು.

ಠಸ್ಸೆ ಬಿತ್ತು.

ಹೊರಗೆ ನೇಡಾ ಕೈಕಟ್ಟಿಕೊಂಡು ಕೂತಿದ್ದಳು. ದೊನ್ಕಾ ನೇರ ಬಸ್‌ನಿಲ್ದಾಣದ ದಾರಿ ಹಿಡಿದಳು.

"ಮುಗೀತಾ?" ಮುದುಕಿ ಕೇಳಿದಳು.

"ಮುಗೀತು ಅತ್ತೆ. ನೀವು ಕಾಲು ಎತ್ತಿಬಿಟ್ರಾ? ನೋವು ಬಂತೇನೋ."

"ನೋವೂ ಇಲ್ಲ, ಮಣ್ಣೂ ಇಲ್ಲ. ಬೇಕಂತಲೇ ಎತ್ತಿದೆ ಕಣೋ!" ನೇಡಾ ಸ್ಟಿಯರಿಂಗಿಗೆ ಗುದ್ದಿದಳು, ಕಣ್ಣಲ್ಲಿ ನೀರು. "ಕೆಮ್ಮಿಸಿದೆ, ಮತ್ತೆ ಕೆಮ್ಮಿಸಿದೆ, ಕೊನೆಗೆ ಸಾಯಿಸಿಯೇಬಿಟ್ಟೆ. ಕೇಳಿಸ್ಕೊಂಡು ನೀನು ಎದ್ದು ಓಡಿ ಬರ್ತೀಯ, ಅರ್ಜಿ ಬಿದ್ದೋಗುತ್ತೆ ಅಂತ! ಬದುಕೆಲ್ಲ ಓಡಿದ ದರಿದ್ರದವ್ನೇ, ಇವತ್ತೊಂದಿನ ಕೂತ್ಕೊಂಡ್ಯಲ್ಲೋ!"