ಓವರ್‌ಕೋಟಿನ ಒಳಗುಟ್ಟು

"ಮುಗೀತು! ಇನ್ಮೇಲೆ ನಾನೇನು ಹಾಕ್ಕೋಬೇಕು ಅಂತ ಈ ಭೂಮಿ ಮೇಲೆ ಯಾರೂ ನಂಗೆ ಹೇಳ್ಕೊಡೋ ಹಾಗಿಲ್ಲ. ನೋಡೋರು ಏನು ಬೇಕಾದ್ರೂ ಅಂದ್ಕೊಳ್ಳಲಿ!"

ಅಂಕಲ್ ಈ ಭೀಷ್ಮ ಪ್ರತಿಜ್ಞೆ ಮಾಡಿದ್ದು ಪರದೇಶದ ಆ ಮಹಾನಗರಕ್ಕೆ ಓದಲು ಬಂದ ಮೂರನೆಯ ದಿನ. ಅಂಕಲ್ ಎಂದರೆ ಯಾರ ಚಿಕ್ಕಪ್ಪನೂ ಅಲ್ಲ, ಮಾವನೂ ಅಲ್ಲ. ನಲವತ್ತು ದಾಟಿದ ಮೇಲೆ ಭದ್ರವಾದ ಇಂಜಿನಿಯರ್ ಕೆಲಸಕ್ಕೆ ರಾಜೀನಾಮೆ ಒಗಾಯಿಸಿ, ಕಟ್ಟಡಗಳನ್ನು ಬೆಚ್ಚಗಿಡುವ ವಿದ್ಯೆ ಕಲಿಯುತ್ತೇನೆಂದು ಹೆಂಡತಿಯನ್ನೂ ಕಟ್ಟಿಕೊಂಡು ಬಂದ ವಿದ್ಯಾರ್ಥಿ. ಹೆಸರು ತರಗತಿಯ ಹುಡುಗರು ಇಟ್ಟಿದ್ದು. ಕೋಪ ಮಾತ್ರ ಅವನ ಸ್ವಂತದ್ದು. ಅದು ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಲ್ಲಿಯ ಚಳಿಗೆ ಆ ಮೂಗು ಕೆಂಪಗಾದಾಗ ಅದು ಶೀತವೋ ಸಿಟ್ಟೋ ಎಂದು ಹೆಂಡತಿಗೂ ತಿಳಿಯುತ್ತಿರಲಿಲ್ಲ.

ಪ್ರತಿಜ್ಞೆಗೆ ಕಾರಣ ಇಲ್ಲದೆ ಇರಲಿಲ್ಲ. ಮೊದಲನೆಯ ದಿನ ಅಂಕಲ್ ಸೂಟು, ಟೈ, ಮಿರಿಮಿರಿ ಬೂಟು ಹಾಕಿಕೊಂಡು ತರಗತಿಗೆ ಕಾಲಿಟ್ಟ. ಗಲಾಟೆ ಗಪ್ ಎಂದು ನಿಂತಿತು. ಎಲ್ಲರೂ ಪುಸ್ತಕ ತೆರೆದು ಪೆನ್ನು ಹಿಡಿದರು. ಹಿಂದೆಯೇ ಬಂದ ಪ್ರೊಫೆಸರು ಇವನನ್ನು ನೋಡಿ, "ಓಹ್, ಇವತ್ತು ಅತಿಥಿ ಉಪನ್ಯಾಸವೇ?" ಎಂದು ಕೊನೆಯ ಬೆಂಚಿನಲ್ಲಿ ಹೋಗಿ ಕುಳಿತರು! ಎರಡನೆಯ ದಿನ ಅಂಕಲ್ ಹುಡುಗರಂತೆಯೇ ಇರೋಣವೆಂದು ಮೊಣಕಾಲು ಹರಿದ ಜೀನ್ಸ್ ಏರಿಸಿದ. ಬಸ್ ಸ್ಟಾಪಿನಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಆ ಹರಕು ನೋಡಿ ಲೊಚಗುಟ್ಟಿ, ತನ್ನ ಚೀಲದಿಂದ ಒಂದು ಬ್ರೆಡ್ ತೆಗೆದು ಇವನ ಕೈಗಿಟ್ಟಳು. ಬೇಡವೆಂದರೆ ಕಣ್ಣಲ್ಲಿ ನೀರು ತಂದುಕೊಂಡಳು. ಅಂಕಲ್ ಬ್ರೆಡ್ ತಿಂದ, ಮನೆಗೆ ಬಂದು ಕೂಗಾಡಿದ.

ಮೂರನೆಯ ದಿನ ಜ್ಞಾನೋದಯವಾಯಿತು. ಅವರ ತರಗತಿಯ ಕೋಣೆ ಹಳೆಯ ಕಟ್ಟಡದ ಕಟ್ಟಕಡೆಯ ಕೋಣೆ. ಬಿಸಿನೀರಿನ ಕೊಳವೆಗಳು ಅಲ್ಲಿಗೆ ಬರುವಷ್ಟರಲ್ಲಿ ಅವಕ್ಕೇ ಚಳಿ ಹಿಡಿದಿರುತ್ತಿತ್ತು. ಬಾಗಿಲ ಪಕ್ಕ ಕೋಟು ತೂಗುಹಾಕಲು ಸಾಲಾಗಿ ಕೊಕ್ಕೆಗಳಿದ್ದರೂ ಯಾರೂ ಮುಟ್ಟುತ್ತಿರಲಿಲ್ಲ. ಪ್ರೊಫೆಸರು ಸೇರಿದಂತೆ ಎಲ್ಲರೂ ಓವರ್‌ಕೋಟಿನಲ್ಲೇ ಬಂದು, ಓವರ್‌ಕೋಟಿನಲ್ಲೇ ಕೂತು, ಓವರ್‌ಕೋಟಿನಲ್ಲೇ ಹೋಗುತ್ತಿದ್ದರು. ಹಾಗಿದ್ದಮೇಲೆ ಒಳಗೆ ಏನಿದ್ದರೇನು? ಅಂದಿನಿಂದ ಅಂಕಲ್ ರಾತ್ರಿ ಮಲಗಿದ ಪೈಜಾಮದಲ್ಲೇ ಎದ್ದು, ಅದರ ಕಾಲುಗಳನ್ನು ಸಾಕ್ಸಿನೊಳಗೆ ತುರುಕಿ, ಮೇಲೆ ಉದ್ದನೆಯ ಕೋಟು ಹೊದ್ದು, ಕುತ್ತಿಗೆಗೆ ಮಫ್ಲರ್ ಸುತ್ತಿ ವಿದ್ಯಾರ್ಜನೆಗೆ ಹೊರಡತೊಡಗಿದ. ಇಡೀ ಚಳಿಗಾಲ ಒಬ್ಬರಿಗೂ ಗುಟ್ಟು ಗೊತ್ತಾಗಲಿಲ್ಲ.

ಹೆಂಡತಿಗೆ ಗೊತ್ತಿತ್ತಲ್ಲ! ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಏನು? ತಮ್ಮೂರಿನಲ್ಲಿ ಶಾಲೆಯ ಮೇಡಂ ಆಗಿದ್ದವಳು ಇಲ್ಲಿ ಗಂಡನ ಓದಿಗಾಗಿ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುವ ಕೆಲಸಕ್ಕೆ ಸೇರಿದ್ದಳು. ದಿನವಿಡೀ ಹಬೆಯ ಎದುರು ನಿಂತು ಕಂಡವರ ಅಂಗಿ ತೀಡಿ, ಮಣಿಕಟ್ಟಿನ ಮೇಲೆ ಎರಡು ಸಲ ಸುಟ್ಟುಕೊಂಡಿದ್ದಳು.

"ಊರಲ್ಲಿರೋ ಗಂಡಸರಿಗೆಲ್ಲ ನಾನು ಇಸ್ತ್ರಿ ಮಾಡಿ ಕಳಿಸ್ತೀನಿ. ನನ್ನ ಗಂಡ ಮಾತ್ರ ಹಾಸಿಗೆಯಿಂದ ಎದ್ದ ಹಾಗೇ ಕಾಲೇಜಿಗೆ! ನಾಚಿಕೆ ಆಗಲ್ವೇನ್ರೀ?"

"ಕೋಟಿನೊಳಗೆ ಇರೋದನ್ನ ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ! ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ಹಿರಿಯರು ಸುಮ್ನೆ ಹೇಳಿದ್ರಾ?"

"ಆ ಹಿರಿಯರಿಗೆ ಬೆಳಗ್ಗೆ ಬಸ್ ಹಿಡಿಯೋದಿರ್ಲಿಲ್ಲ, ಸುಮ್ನಿರು!"

ಹೀಗೆ ದಿನಾ ಒಂದು ಸುತ್ತು ನಡೆದು ಕೊನೆಗೆ, ಚಳಿ ಇನ್ನೂ ಬಿಡದಿರುವಾಗಲೇ, ಅಂತಿಮ ಪರೀಕ್ಷೆಯ ದಿನ ಬಂತು. ಅಂಕಲ್ ತನ್ನ ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದು ಅದೇ ದರಿದ್ರ ಕೋಣೆಯನ್ನು. ಒಂದು ಹೊಸ ಹೀಟರನ್ನೂ ಹಾಕದೆ, ಇದ್ದ ಕೊಳವೆಗಳನ್ನೇ ತಿದ್ದಿ, ವಾಲ್ವುಗಳನ್ನು ಹದವಾಗಿ ತಿರುಗಿಸಿ, ಕೋಣೆಯ ಮೂಲೆಮೂಲೆಯನ್ನೂ ಬೆಚ್ಚಗೆ ಮಾಡಿ ತೋರಿಸುತ್ತೇನೆಂದು ಬರೆದುಕೊಟ್ಟಿದ್ದ. ತೋರಿಸಿದರೆ ಪದವಿ. ಇಲ್ಲವಾದರೆ ಒಂದು ವರ್ಷದ ಓದು, ಬಿಟ್ಟ ಕೆಲಸ, ಹೆಂಡತಿಯ ಸುಟ್ಟ ಕೈ, ಎಲ್ಲವೂ ನೀರಿನಲ್ಲಿ ಹೋಮ.

ಅವತ್ತು ಬೆಳಗ್ಗೆ ಅಂಕಲ್ ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಬಂದು ನೋಡುತ್ತಾನೆ, ಮಂಚದ ಮೇಲಿದ್ದ ಪೈಜಾಮ ಇಲ್ಲ! ಬೀರುವಿನಲ್ಲಿದ್ದ ಇನ್ನೊಂದು ಜೊತೆಯೂ ಇಲ್ಲ. ಹ್ಯಾಂಗರಿನಲ್ಲಿ ನೀಲಿ ಅಂಗಿ, ಕಪ್ಪು ಪ್ಯಾಂಟು ಗರಿಗರಿಯಾಗಿ ನೇತಾಡುತ್ತಿದ್ದವು.

"ನನ್ನ ಪೈಜಾಮ ಎಲ್ಲೇ?"

"ಬಕೆಟ್ಟಲ್ಲಿ. ಎರಡೂ ನೆನೆಸಿದೀನಿ." ಅವಳ ದನಿ ತಣ್ಣಗಿತ್ತು. "ಇವತ್ತಾದ್ರೂ ಮನುಷ್ಯರ ಥರ ಹೋಗಿ. ರಾತ್ರಿ ಕೆಲಸದಿಂದ ಬಂದು, ನಿದ್ದೆಗಣ್ಣಲ್ಲಿ ಇಸ್ತ್ರಿ ಮಾಡಿದೀನ್ರೀ."

ಅವಳು ಇಷ್ಟು ಹೇಳಿ ಸುಮ್ಮನಿದ್ದಿದ್ದರೆ ಅಂಕಲ್ ಕರಗಿಬಿಡುತ್ತಿದ್ದನೇನೋ. ಆದರೆ ಬಾಯಿಗೆ ಬಂದದ್ದು ಬಂತು. "ಅದು ಹೇಗೆ ಹಾಕ್ಕೊಳ್ಳಲ್ವೋ ನಾನೂ ನೋಡ್ತೀನಿ!"

ಉರಿಯುವ ಬೆಂಕಿಗೆ ತುಪ್ಪ ಬಿತ್ತು. "ಏನಂದೆ? ನೋಡ್ತೀಯಾ? ನೋಡು!" ಎಂದು ಗುಡುಗಿದ ಅಂಕಲ್, ಬಾಗಿಲ ಹಿಂದೆ ಒಣಗಲು ಹಾಕಿದ್ದ ಅವಳ ರಾತ್ರಿ ಉಡುಪನ್ನು ಸರಕ್ಕನೆ ಎಳೆದುಕೊಂಡ. ಗುಲಾಬಿ ಬಣ್ಣದ ಮೇಲಂಗಿ, ಗುಲಾಬಿ ಬಣ್ಣದ ಪೈಜಾಮ. ಮೈತುಂಬ ಗಜ್ಜರಿ ಕಡಿಯುತ್ತಿರುವ ಬಿಳಿ ಮೊಲಗಳು. ಕುತ್ತಿಗೆಗೆ ಫ್ರಿಲ್!

"ರೀ, ಅದು ನಂದು!"

"ಕೋಟಿನೊಳಗೆ ಯಾರ್ದಾದ್ರೇನು!"

ತೋಳು ಮೊಣಕೈಗೇ ನಿಂತಿತು. ಪೈಜಾಮ ಮೀನಖಂಡದಲ್ಲೇ ಮುಷ್ಕರ ಹೂಡಿತು. ಹಠ ಹೊಲಿಗೆಗಿಂತ ಗಟ್ಟಿಯಿತ್ತು. ಕೋಟು ಹೊದ್ದು, ಕುತ್ತಿಗೆಯವರೆಗೂ ಗುಂಡಿ ಹಾಕಿ, ಫ್ರಿಲ್ಲಿನ ಮೇಲೆ ಮಫ್ಲರ್ ಬಿಗಿದು, ಬಾಗಿಲನ್ನು ದಢಾರನೆ ಎಳೆದುಕೊಂಡು ಹೊರಟೇಬಿಟ್ಟ. ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರುವುದಿಲ್ಲ ಎಂಬ ಗಾದೆ ಅಂಕಲ್‌ಗೆ ಬಸ್ಸಿನಲ್ಲಿ ನೆನಪಾಯಿತು. ಅಷ್ಟು ಹೊತ್ತಿಗೆ ಬಸ್ಸು ಕಾಲೇಜಿನ ಹತ್ತಿರ ಬಂದಿತ್ತು.

ಕೋಣೆಯಲ್ಲಿ ಸಹಪಾಠಿಗಳು, ಪ್ರೊಫೆಸರು, ಜೊತೆಗೆ ಬೇರೆ ಕಾಲೇಜಿನಿಂದ ಬಂದ ಪರೀಕ್ಷಕಿ. ಕನ್ನಡಕವನ್ನು ಮೂಗಿನ ಕೊನೆಗೆ ಇಳಿಸಿಕೊಂಡು ನೋಡುವ ಆ ಹೆಂಗಸಿನ ಕೈಯಲ್ಲಿ ಪಾಸಾದವರಿಗಿಂತ ಅತ್ತವರೇ ಹೆಚ್ಚಂತೆ. ಅಂಕಲ್ ವಾಲ್ವು ತಿರುಗಿಸಿದ. ಕೊಳವೆಗಳು ಗುಳುಗುಳು ಎಂದವು. ಮಾತು ಶುರುಮಾಡಿದ.

ಸ್ವಲ್ಪ ಹೊತ್ತಿಗೆ ಮುಂದಿನ ಸಾಲಿನ ಹುಡುಗಿ ಎದ್ದು ತನ್ನ ಕೋಟು ಬಿಚ್ಚಿ ಕೊಕ್ಕೆಗೆ ಹಾಕಿದಳು. ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಕೊಕ್ಕೆಗೆ ಮೊದಲ ಕೋಟು! ಅಂಕಲ್‌ನ ಎದೆ ಉಬ್ಬಿತು. ಇನ್ನೊಬ್ಬ ಹುಡುಗ ಬಿಚ್ಚಿದ. ಮತ್ತೊಬ್ಬಳು ಬಿಚ್ಚಿದಳು. ಪ್ರೊಫೆಸರು ತಮ್ಮ ಕೋಟು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಕಡೆಗೆ ಪರೀಕ್ಷಕಿಯೂ ಎದ್ದು ಕೋಟು ತೂಗುಹಾಕಿ ಬಂದರು. ಗೆದ್ದೆ ಎಂದುಕೊಂಡ ಅಂಕಲ್‌ಗೆ ಮರುಕ್ಷಣವೇ ಬೆನ್ನಿನಲ್ಲಿ ಬೆವರಿನ ಹನಿ ಜಾರಿದ್ದು ಗೊತ್ತಾಯಿತು. ಕೋಟಿನ ಮೇಲಿನ ಗುಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಪರೀಕ್ಷಕಿ ಕನ್ನಡಕದ ಮೇಲಿಂದ ನೋಡಿದರು. "ಎಲ್ಲರೂ ಕೋಟು ಬಿಚ್ಚಿದ್ದಾರೆ. ನೀವು?"

"ಅಭ್ಯಾಸ ಮೇಡಂ."

"ನೀವು ನಿಂತಿರುವುದು ಕೊಳವೆಯ ಕೊನೆಯ ಮೂಲೆ. ಆ ಮೂಲೆಯನ್ನೂ ಬೆಚ್ಚಗೆ ಮಾಡಿದ್ದೇನೆ ಎಂಬುದೇ ನಿಮ್ಮ ವಾದ. ಅಲ್ಲಿರುವ ಒಬ್ಬನೇ ಮನುಷ್ಯ ಮಫ್ಲರ್ ಸಮೇತ ನಿಂತಿದ್ದಾನೆ!"

"ಥರ್ಮಾಮೀಟರ್ ನೋಡಿ ಮೇಡಂ!"

"ಅದು ನೀವು ತಂದದ್ದು."

"ನನ್ನ ಬೆವರು ನೋಡಿ!"

"ಭಯಕ್ಕೂ ಬೆವರು ಬರುತ್ತೆ." ಅವರು ಪೆನ್ನಿನ ಮುಚ್ಚಳ ತೆಗೆದರು. "ಕೊನೆಯ ಮೂಲೆ ರುಜುವಾತಾಗಿಲ್ಲ. ಹಾಗೆಂದು ಬರೆದುಕೊಳ್ಳಲೇ?"

ಅಂಕಲ್‌ಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪರೀಕ್ಷಕಿಯ ಮೇಲೆ, ನೆನೆಸಿಟ್ಟ ಬಕೆಟ್ಟಿನ ಮೇಲೆ, ಮೊಲಗಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಜೀವಮಾನದಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸ ಸರಿಯಾಗಿ ನಡೆದಿದೆ, ಅದನ್ನು ಹೇಳಿಕೊಳ್ಳಲು ಒಂದು ನೆಟ್ಟಗಿನ ಅಂಗಿ ಇಲ್ಲ! ಆ ಅಂಗಿ ಮನೆಯಲ್ಲಿ ಗರಿಗರಿಯಾಗಿ ನೇತಾಡುತ್ತಿದೆ. ಅವಳ ಮಣಿಕಟ್ಟಿನ ಸುಟ್ಟ ಕಲೆ ಕಣ್ಣ ಮುಂದೆ ಬಂತು. ಪೆನ್ನು ಕಾಗದಕ್ಕೆ ತಾಗಿತು.

"ನಿಲ್ಲಿಸಿ!" ಅಂಕಲ್ ಕಿರುಚಿದ. "ನೋಡಲೇಬೇಕಾ? ನೋಡಿ!"

ಮಫ್ಲರ್ ಹಾರಿತು. ಗುಂಡಿಗಳು ಒಂದೊಂದಾಗಿ ಬಿಚ್ಚಿದವು. ಕೋಟು ಜಾರಿ ನೆಲಕ್ಕೆ ಬಿತ್ತು.

ಮೊಲಗಳು ಸಭೆಯನ್ನು ನೋಡಿದವು, ಸಭೆ ಮೊಲಗಳನ್ನು ನೋಡಿತು. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಕಟ್ಟೆ ಒಡೆಯಿತು. ಪ್ರೊಫೆಸರು ಕೋಟಿನಲ್ಲಿ ಮುಖ ಮುಚ್ಚಿಕೊಂಡು ಅಲುಗಾಡತೊಡಗಿದರು. ಮಾನ ಮೂರು ಕಾಸಿಗೆ ಹರಾಜಾಯಿತೆಂದು ಅಂಕಲ್ ಕಣ್ಣು ಮುಚ್ಚಿಕೊಂಡ.

ನಗದೆ ಇದ್ದವರು ಪರೀಕ್ಷಕಿ ಒಬ್ಬರೇ. ಎದ್ದು ಹತ್ತಿರ ಬಂದು, ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ತೆಳು ಹತ್ತಿ. ಮೊಣಕೈವರೆಗೆ ಮಾತ್ರ. ಮೀನಖಂಡ ಬರಿದು. ಚಳಿ ಆಗುತ್ತಿದೆಯೇ?"

"ಇಲ್ಲ ಮೇಡಂ." ಅಂಕಲ್‌ನ ದನಿ ಪಾತಾಳದಿಂದ ಬಂತು. "ಸೆಕೆ."

"ಭೇಷ್! ಇಂಥ ರುಜುವಾತನ್ನು ನಾನು ಕಂಡಿರಲಿಲ್ಲ. ಕೊನೆಯ ಮೂಲೆ ಬೆಚ್ಚಗಿದೆ."

ಅಂಕಲ್ ಕೋಟಿಗೆ ಬಗ್ಗಿದ. ಪರೀಕ್ಷಕಿ ಕೈ ಅಡ್ಡ ಹಿಡಿದರು. "ಆದರೆ ಒಂದು ಸಲ ಆದದ್ದು ಆಕಸ್ಮಿಕವೂ ಇರಬಹುದು. ಮುಂದಿನ ವಾರ ಕಾಲೇಜಿನ ಮುಖ್ಯಸ್ಥರ ಮುಂದೆ, ಇಡೀ ವಿಭಾಗದ ಮುಂದೆ ಇನ್ನೊಮ್ಮೆ ತೋರಿಸಿ. ಆಮೇಲೆ ಪದವಿ. ಅದೇ ಕೋಣೆ, ಅದೇ ಮೂಲೆ, ಅದೇ ಉಡುಪು. ಪ್ರಯೋಗದಲ್ಲಿ ಏನನ್ನೂ ಬದಲಾಯಿಸಬಾರದೆಂದು ನಿಮ್ಮ ವರದಿಯಲ್ಲಿ ನೀವೇ ಬರೆದಿದ್ದೀರಿ."

ಬರೆದಿದ್ದ. ಕೆಳಗೆ ಗೆರೆಯನ್ನೂ ಎಳೆದಿದ್ದ.

ಸಂಜೆ ಹೆಂಡತಿ ಕೆಲಸದಿಂದ ಬಂದಾಗ ಅಂಕಲ್ ಪೈಜಾಮಗಳನ್ನು ತಾನೇ ಹಿಂಡಿ ಒಣಹಾಕಿ, ಕೈಕಟ್ಟಿ ಕೂತಿದ್ದ. ಅವಳು ಹ್ಯಾಂಗರಿನ ಅಂಗಿ ನೋಡಿದಳು, ಅವನ ಮುಖ ನೋಡಿದಳು.

"ಹೋಯ್ತಾ?" ಅವಳು ಕೈಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. "ಒಂದು ವರ್ಷದ ಕಷ್ಟ ನಿಮ್ಮ ಹಠಕ್ಕೆ ಹೋಯ್ತಾ?"

"ಹೋಗ್ಲಿಲ್ಲ ಕಣೇ. ಪದವಿ ಬಂದ ಹಾಗೇ. ಇನ್ನೊಂದು ಸಲ ತೋರಿಸ್ಬೇಕು, ಅಷ್ಟೇ." ಅಂಕಲ್ ಗಂಟಲು ಸರಿಮಾಡಿಕೊಂಡ. "ನಿಂದು... ಆ ಮೊಲದ್ದು... ಮುಂದಿನ ವಾರ ಬೇಕಿತ್ತು."

ನಡೆದದ್ದನ್ನೆಲ್ಲ ಕೇಳಿ ಅವಳು ಮೊದಲು ಸಿಡಿದಳು. "ನನ್ನ ರಾತ್ರಿ ಬಟ್ಟೆನ ಊರಿಗೆಲ್ಲ ತೋರಿಸಿ ಬಂದ್ರಾ? ಇನ್ನು ನಾನು ಆ ಕಾಲೇಜಿನ ಕಡೆ ತಲೆ ಎತ್ತಿ ನಡೀಲಾ?" ಬಯ್ಯುತ್ತಾ ಬಯ್ಯುತ್ತಾ ಅವಳ ಕಣ್ಣಲ್ಲಿ ನೀರು ಬಂತು. ಅದು ನಗುವಿನದೋ ಅಳುವಿನದೋ ಕೇಳುವ ಧೈರ್ಯ ಅಂಕಲ್‌ಗೆ ಆಗಲಿಲ್ಲ.

ವಾರ ಕಳೆದು ಪ್ರಯೋಗದ ಬೆಳಗಾಯಿತು. ಹೆಂಡತಿ ಮೊಲದ ಉಡುಪನ್ನು ಮೇಜಿನ ಮೇಲೆ ಹರಡಿ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡಳು.

"ಇಸ್ತ್ರಿ ಬೇಡ ಕಣೇ! ಏನೂ ಬದಲಾಯಿಸೋ ಹಾಗಿಲ್ಲ. ಅದೇ ಸುಕ್ಕು ಇರ್ಬೇಕು!"

ಅವಳು ಬಿಸಿ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದೇ ಅವನನ್ನು ನೋಡಿದಳು. ಅಂಕಲ್ ನಿಧಾನವಾಗಿ ಕುರ್ಚಿ ಎಳೆದುಕೊಂಡು ಕೂತ. ಅವಳು ನೀರು ಚಿಮುಕಿಸಿ ಒಂದೊಂದು ಮೊಲವನ್ನೂ ತೀಡತೊಡಗಿದಳು. ಪೈಜಾಮದ ಕಾಲಿಗೆ ಚಾಕುವಿನಂಥ ಗೆರೆ ಮೂಡಿತು. ಇನ್ನೇನು ಹ್ಯಾಂಗರಿಗೆ ಹಾಕಬೇಕು, ಅಂಕಲ್ ಮೆಲ್ಲಗೆ ಕೆಮ್ಮಿದ.

"ಆ ಫ್ರಿಲ್ಲಿಗೂ ಒಂಚೂರು ಇಸ್ತ್ರಿ ಹಾಕಮ್ಮ. ಮುದುರಿದೆ. ನೋಡೋರು ಏನಂದ್ಕೊಳ್ತಾರೆ?"