ಗಡಿಯಾರದಜ್ಜನ ಹಾಡುಗಳೂ ನನ್ನ ಮೂರು ಅಭಿಪ್ರಾಯಗಳೂ

ಸಿನಿಮಾ ನೋಡಿ ಬಂದವನನ್ನು, ಅವನು ಚಪ್ಪಲಿ ಬಿಡುವುದಕ್ಕೂ ಮೊದಲೇ "ಹೇಗಿತ್ತು?" ಎಂದು ಕೇಳುವವರನ್ನು ಕಂಡರೆ ನನಗೆ ಒಳಗೊಳಗೇ ಹೆದರಿಕೆ. ನೋಡಿದ್ದು ಅರ್ಥವಾಗಿರುವುದಿಲ್ಲ ಎಂದಲ್ಲ. ಕೇಳಿದವರ ಮುಖವನ್ನು ಸ್ವಲ್ಪ ಹೊತ್ತು ನೋಡಿದ ಮೇಲಷ್ಟೇ ನನ್ನ ಅಭಿಪ್ರಾಯ ತಯಾರಾಗುತ್ತದೆ, ಅದೇ ತೊಂದರೆ. ಹೋಟೆಲಿನಲ್ಲಿ ಸಾಂಬಾರು ಹೇಗಿದೆ ಎಂದು ಕೇಳಿದರೆ ಎದುರು ಕುಳಿತವರ ಬಟ್ಟಲು ಖಾಲಿಯಾಗಿದೆಯೇ ಎಂದು ನೋಡಿ ಉತ್ತರ ಹೇಳುವ ಮನುಷ್ಯ ನಾನು. ಹೆಣ್ಣು ನೋಡಲು ಹೋದಾಗಲೂ ಹಾಗೆಯೇ ಆಯಿತು. ಹುಡುಗಿ ಒಪ್ಪಿಗೆಯೇ ಎಂದು ಅವರ ಕಡೆಯವರು ಕೇಳಿದಾಗ ನಾನು ಅಮ್ಮನ ಮುಖ ನೋಡಿದೆ, ಅಮ್ಮ ಅಪ್ಪನ ಮುಖ ನೋಡಿದಳು, ಅಪ್ಪ ಎಂದಿನಂತೆ ಗೋಡೆ ನೋಡಿದರು. ಅಷ್ಟರಲ್ಲಿ ಹುಡುಗಿಯೇ ತನಗೆ ಒಪ್ಪಿಗೆ ಎಂದು ಒಳಗಿನಿಂದ ಹೇಳಿ ಕಳಿಸಿದ್ದರಿಂದ ನನಗೆ ಮದುವೆಯಾಯಿತು. ಅಂದಿನಿಂದ ನಮ್ಮ ಮನೆಯ ಅಭಿಪ್ರಾಯಗಳ ಖಾತೆಯನ್ನು ನನ್ನ ಹೆಂಡತಿ ಸರ್ವಮಂಗಳಾ ನೋಡಿಕೊಳ್ಳುತ್ತಾಳೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಂಜನಗೂಡಿನ ಟಾಕೀಸಿಗೆ ಒಂದು ಸಂಸಾರದ ಸಿನಿಮಾ ಬಂದಿತ್ತು. ಹೆಸರು ಹೇಳುವುದಿಲ್ಲ, ಹೇಳಿದರೆ ಜಗಳ ಮತ್ತೆ ಶುರುವಾಗುತ್ತದೆ. ಗಡಿಯಾರ ರಿಪೇರಿ ಮಾಡುವ ಒಬ್ಬ ಮುಂಗೋಪಿ ಅಜ್ಜ, ಅವನ ಪಾಲಿಗೆ ಬಂದು ಬೀಳುವ ಮೂವರು ತುಂಟ ಮೊಮ್ಮಕ್ಕಳು, ಇಷ್ಟೇ ಕಥೆ. ಇಡೀ ಚಿತ್ರದಲ್ಲಿ ಅಜ್ಜ ಆಡುವ ಮಾತುಗಳನ್ನು ಒಂದು ಅಂಚೆ ಕಾರ್ಡಿನಲ್ಲಿ ಬರೆದು ಮುಗಿಸಬಹುದು. ಕೊನೆಯಲ್ಲಿ ಮಕ್ಕಳು ಹೊರಟು ನಿಂತಾಗ ಅವನು ಏನೂ ಹೇಳದೆ ಕಿರಿಯವಳ ಕೈಗೆ ಒಂದು ಹಳೆಯ ಕೈಗಡಿಯಾರ ಕಟ್ಟುತ್ತಾನೆ. ಆಗ ಟಾಕೀಸಿನಲ್ಲಿ ಮೂಗು ಒರೆಸಿಕೊಳ್ಳದವರು ಯಾರೂ ಇರಲಿಲ್ಲ, ಗೇಟು ಕಾಯುವವನನ್ನೂ ಸೇರಿಸಿ. ಸರ್ವಮಂಗಳಾ ಅದನ್ನು ಏಳು ಸಲ ನೋಡಿದಳು. ಮುಂದೆ ಕೇಬಲ್ಲಿನಲ್ಲಿ ಬಂದಾಗಲೆಲ್ಲ ಒಲೆಯ ಮೇಲಿನ ಹಾಲು ಉಕ್ಕಿಸಿ ನೋಡಿದಳು. ಅಜ್ಜ ನಮ್ಮ ಮನೆಯ ಒಬ್ಬ ಹಿರಿಯನಂತೆಯೇ ಆಗಿಹೋದ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮಪ್ಪನೂ ಹಾಗೆಯೇ ಇದ್ದರು. ಬಜಾರಿನಲ್ಲಿ ನಲವತ್ತು ವರ್ಷ ಜವಳಿ ಅಂಗಡಿ ನಡೆಸಿ, ಹಣೆಯ ವಿಭೂತಿ ಅಳಿಸದಂತೆ, ತುಟಿಯ ಬೀಗ ತೆಗೆಯದಂತೆ ಬದುಕಿದವರು. ಗಿರಾಕಿ ಬಣ್ಣ ಹೋಗುತ್ತದೆಯೇ ಎಂದು ಕೇಳಿದರೆ ಬಟ್ಟೆಯ ತುದಿಯನ್ನು ನೀರಿನಲ್ಲಿ ಅದ್ದಿ ತೋರಿಸುತ್ತಿದ್ದರೇ ಹೊರತು ಬಾಯಲ್ಲಿ ಹೇಳುತ್ತಿರಲಿಲ್ಲ.

ಹತ್ತು ಹನ್ನೆರಡು ವರ್ಷಗಳಾದ ಮೇಲೆ ಆ ಸಿನಿಮಾದವರಿಗೆ ಅಜ್ಜನ ಹಿಂದಿನ ಕಥೆಯನ್ನು ತೆಗೆಯಬೇಕೆಂಬ ಬುದ್ಧಿ ಬಂತು. ಅಜ್ಜ ಅಜ್ಜನಾಗುವ ಮೊದಲು ಏನಾಗಿದ್ದ? ನಾಟಕ ಕಂಪನಿಯಲ್ಲಿ ಹಾಡುವ ತರುಣನಾಗಿದ್ದನಂತೆ. ಹಾಗಾಗಿ ಚಿತ್ರದ ತುಂಬ ಹಾಡು. ಸಂತೆಯಲ್ಲಿ ಹಾಡು, ರೈಲಿನಲ್ಲಿ ಹಾಡು, ಗಡಿಯಾರದ ಸ್ಪ್ರಿಂಗು ಕೈತಪ್ಪಿ ಹಾರಿದಾಗಲೂ ಒಂದು ಹಾಡು. ಒಂದು ಭಾನುವಾರ ಅಪ್ಪ, ಅಮ್ಮ, ಸರ್ವಮಂಗಳಾ, ನಾನು ನಾಲ್ವರೂ ಮ್ಯಾಟಿನಿಗೆ ಹೋದೆವು. ನನಗೆ ನಿಜಕ್ಕೂ ಬಹಳ ಇಷ್ಟವಾಯಿತು. ಆ ಹೊಸ ಹುಡುಗ ನಟನ ಧ್ವನಿ, ನಾಟಕದ ಹಳೆಯ ಪರದೆಗಳ ಬಣ್ಣ, ನಾಲ್ಕನೆಯ ಹಾಡಿನಲ್ಲಿ ಅವನು ಖಾಲಿ ಕುರ್ಚಿಗಳ ಮುಂದೆ ನಿಂತು ಇಡೀ ಹಾಡು ಮುಗಿಸಿ ನಮಸ್ಕಾರ ಮಾಡುವುದು, ಇವನ್ನೆಲ್ಲ ನೋಡುತ್ತ ನಾನು ಕಡಲೆಕಾಯಿ ಪೊಟ್ಟಣವನ್ನೇ ಮರೆತಿದ್ದೆ. ಅಮ್ಮ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಅಪ್ಪ ಕೊಡೆಯ ಹಿಡಿಯ ಮೇಲೆ ಎರಡೂ ಕೈ ಇಟ್ಟು ಅಲುಗದೆ ಕುಳಿತಿದ್ದರು. ಸರ್ವಮಂಗಳಾ ಮಾತ್ರ ಇಂಟರ್‌ವಲ್ಲಿನಲ್ಲೇ ತೀರ್ಪು ಕೊಟ್ಟಳು. ಇದು ಆ ಅಜ್ಜ ಅಲ್ಲವೇ ಅಲ್ಲ, ಯಾವನೋ ಹಾಡುಗಾರನಿಗೆ ಅಜ್ಜನ ಹೆಸರಿಟ್ಟಿದ್ದಾರೆ ಎಂದಳು.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಅವಳು ನನ್ನನ್ನು ಹೇಗಿತ್ತು ಎಂದು ಕೇಳಿದಳು. ಅವಳ ಕೈಯಲ್ಲಿ ಲಟ್ಟಣಿಗೆ ಇತ್ತು. ಹಾಡು ಸ್ವಲ್ಪ ಜಾಸ್ತಿಯಾಯಿತು, ಮೊದಲಿನದರ ಮರ್ಯಾದೆ ತೆಗೆದರು ಎಂದೆ. ಹಿತ್ತಿಲಲ್ಲಿ ಹೂವು ಬಿಡಿಸುತ್ತಿದ್ದ ಅಮ್ಮ ಕೇಳಿದಾಗ, ಇಂಥ ಚಿತ್ರ ಬಂದು ಬಹಳ ದಿನವಾಗಿತ್ತು ಎಂದೆ. ಮಾರನೆಯ ದಿನ ಬಸ್ಸಿನಲ್ಲಿ ಮೂರನೆಯ ಅಭಿಪ್ರಾಯ ಬೇಕಾಯಿತು.

ನನ್ನ ಕೆಲಸ ಇದ್ದುದು ತಿ. ನರಸೀಪುರದ ಒಂದು ಕಚೇರಿಯಲ್ಲಿ. ನಂಜನಗೂಡಿನಿಂದ ದಿನಾ ಒಂದೇ ಬಸ್ಸಿಗೆ ಹೋಗುತ್ತಿದ್ದ ನಮ್ಮದೇ ಒಂದು ಗುಂಪಿತ್ತು, ಆ ಸಿನಿಮಾ ಬಂದ ವಾರ ಗುಂಪು ಎರಡಾಯಿತು. ಡ್ರೈವರಿನ ಹಿಂದಿನ ಸೀಟುಗಳಲ್ಲಿ ಕೂರುವ ಮೇಷ್ಟರುಗಳು ಅದನ್ನು ಒಪ್ಪಲಿಲ್ಲ. ಮೂಕನಂತಿದ್ದ ಮುದುಕನಿಗೆ ಇಷ್ಟು ಹಾಡು ಬರುತ್ತಿದ್ದರೆ ಮೊದಲ ಚಿತ್ರದಲ್ಲಿ ಒಂದಾದರೂ ಗುನುಗಬೇಕಿತ್ತಲ್ಲ ಎಂಬುದು ಅವರ ತರ್ಕ. ಹಿಂದಿನ ಸೀಟುಗಳವರು ಅದನ್ನು ಮೆಚ್ಚಿದವರು, ಅವರಿಗೆ ನಮ್ಮ ಕಚೇರಿಯ ಗುಮಾಸ್ತ ಚಿಕ್ಕಮಾದು ಮುಂದಾಳು. ದಾರಿಯ ಹಳ್ಳಿಯೊಂದರಲ್ಲಿ ಹತ್ತುತ್ತಿದ್ದ ಅವನು ಹಾರ್ಮೋನಿಯಂ ಬಲ್ಲವನು, ತನ್ನ ಮನೆತನದಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದ ಮೊದಲಿಗ, ತಾನು ನಂಬಿದ್ದನ್ನು ಯಾರ ಮುಂದೆಯೂ ಅದೇ ದನಿಯಲ್ಲಿ ಹೇಳುವವನು. ಅವನ ಈ ಗುಣದ ಬಗ್ಗೆ ನನಗೆ ಗೌರವವೂ ಇತ್ತು, ಸ್ವಲ್ಪ ಅಸೂಯೆಯೂ ಇತ್ತು. ಅವನ ಪಕ್ಕ ಕುಳಿತ ಧೈರ್ಯದಲ್ಲಿ ನಾನು, ನಾಲ್ಕನೆಯ ಹಾಡಿಗೆ ನನಗೆ ಕಣ್ಣೀರು ಬಂತು ಎಂಬ ನಿಜವನ್ನು ಹೇಳಿಬಿಟ್ಟೆ. ಆದರೆ ಮೆಲ್ಲಗೆ ಹೇಳಿದೆ, ಮೇಷ್ಟರುಗಳಿಗೆ ಕೇಳಿಸದಂತೆ.

ಇತ್ತ ಮನೆಯಲ್ಲಿ ವಿಷಯ ಸಿನಿಮಾದಿಂದ ಆಚೆಗೆ ಹೋಯಿತು. ಒಂದು ಸಂಜೆ ಸರ್ವಮಂಗಳಾ, ಬದುಕಿಡೀ ಬಾಯಿ ಬಿಡದ ಮನುಷ್ಯ ಹಿಂದೊಂದು ಕಾಲದಲ್ಲಿ ಊರು ತುಂಬ ಹಾಡುತ್ತಿದ್ದ ಎಂದರೆ ನಂಬುವುದಕ್ಕೆ ಬುದ್ಧಿ ಕೆಟ್ಟಿರಬೇಕು ಎಂದಳು. ಅವಳು ಹೇಳಿದ್ದು ಸಿನಿಮಾದವರ ಬಗ್ಗೆ. ಆದರೆ ಅಕ್ಕಿ ಆರಿಸುತ್ತಿದ್ದ ಅಮ್ಮ ಮೊರ ಕೆಳಗಿಟ್ಟು ಎದ್ದು ಹೋದಳು. ಅಂದಿನಿಂದ ಅತ್ತೆ ಸೊಸೆ ನೇರ ಮಾತು ನಿಲ್ಲಿಸಿದರು. ನೀರು ಬಂತೇ, ಸಾರಿಗೆ ಉಪ್ಪು ಹಾಕಿದೆಯೇ, ಎಲ್ಲವೂ ನನ್ನ ಮೂಲಕ. ಹದಿನೈದು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿ ಒಬ್ಬರ ರುಚಿ ಒಬ್ಬರಿಗೆ ಗೊತ್ತಿದ್ದವರು ಅವರು. ಒಂದು ವಾರದಲ್ಲಿ ಅಮ್ಮ ಬ್ಯಾಗಿಗೆ ನಾಲ್ಕು ಸೀರೆ ಹಾಕಿ, ಬನ್ನೂರಿನಲ್ಲಿರುವ ಮಗಳ ಮನೆಗೆ ಹೋಗುತ್ತೇನೆ, ಕರೆದಾಗ ಬರುತ್ತೇನೆ, ಕರೆಯದಿದ್ದರೂ ಬೇಸರವಿಲ್ಲ ಎಂದಳು. ಸಿನಿಮಾ ನೋಡಿ ಮನೆ ಒಡೆದ ಮೊದಲ ಸಂಸಾರ ನಮ್ಮದೇ ಆಗುತ್ತದೆಂದು ನನಗೆ ದಿಗಿಲಾಯಿತು. ಆ ದಿಗಿಲಿನಲ್ಲೂ ನಾನು ಇಬ್ಬರಿಗೂ ಬೇರೆ ಬೇರೆಯಾಗಿ, ನೀನು ಹೇಳಿದ್ದೇ ಸರಿ ಎನ್ನುತ್ತ ತಿರುಗಿದೆ.

ಅಮ್ಮ ಹೊರಡಬೇಕಿದ್ದ ಭಾನುವಾರ ಬೆಳಿಗ್ಗೆ ಚಿಕ್ಕಮಾದು ತನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದ. ನಡುಮನೆಯಲ್ಲಿ ಎಲ್ಲರೂ ಇದ್ದರು. ಬಾಗಿಲ ಬಳಿ ಬ್ಯಾಗು ಇತ್ತು. ಕಾಫಿ ಕುಡಿಯುತ್ತ ಅವನು, ನಮ್ಮ ಸಾಹೇಬರಂಥ ರಸಿಕರನ್ನು ನಾನು ನೋಡಿಲ್ಲ ಎಂದು ಶುರು ಮಾಡಿದ. ನಾನು ಅವನಿಗೆ ಕಣ್ಣು ಮಿಟುಕಿಸಿದೆ. ಅವನು ಅದನ್ನು ವಿನಯವೆಂದು ತಿಳಿದ.

"ಆ ಪಿಚ್ಚರ್ ಬಗ್ಗೆ ಬಸ್ಸಲ್ಲಿ ಸಾಹೇಬ್ರು ಯೋಳೋದ ನೀವು ಕೇಳ್ಬೇಕು ಅಮ್ಮಾವ್ರೇ. ನಾಕ್ನೇ ಪದ ಬಂದಾಗ ಕಣ್ಣಲ್ಲಿ ನೀರ್ ಬಂದ್ಬುಡ್ತಂತೆ. ಮೊದಲ್ನೇದ್ಕಿಂತ ಇದೇ ಒಂದ್ ತೂಕ ಜಾಸ್ತಿ ಅಂದ್ರು."

ಸರ್ವಮಂಗಳಾ ನನ್ನ ಕಡೆ ತಿರುಗಿದಳು. ಅಮ್ಮನೂ ತಿರುಗಿದಳು, ಏಕೆಂದರೆ ಆ ಬೆಳಿಗ್ಗೆಯಷ್ಟೇ ನಾನು ಸರ್ವಮಂಗಳಾಗೆ ನೀನು ಹೇಳಿದ್ದೇ ಸರಿ ಎಂದದ್ದು ಅಮ್ಮನ ಕಿವಿಗೂ ಬಿದ್ದಿತ್ತಂತೆ. ವಾರದ ನಂತರ ಇಬ್ಬರೂ ಒಂದು ವಿಷಯದಲ್ಲಿ ಒಂದಾಗಿದ್ದರು. ತಪ್ಪಿಸಿಕೊಳ್ಳಲು ನನಗೆ ಬೇರೆ ದಾರಿ ಕಾಣಲಿಲ್ಲ. ಅಪ್ಪನನ್ನು ಈವರೆಗೆ ಯಾರೂ ಕೇಳಿಲ್ಲವಲ್ಲ, ಅವರೇ ಹೇಳಲಿ ಎಂದೆ. ಅವರು ಎಂದಿನಂತೆ ಗೋಡೆ ನೋಡುತ್ತಾರೆ, ಅಷ್ಟರಲ್ಲಿ ನಾನು ತರಕಾರಿಗೆ ಹೋಗಬಹುದು ಎಂಬುದು ನನ್ನ ಲೆಕ್ಕ.

ಅಪ್ಪ ಗೋಡೆ ನೋಡಲಿಲ್ಲ. "ಚೆನ್ನಾಗಿತ್ತು. ಒಂದೇ ಒಂದು ಬಿಟ್ಬಿಟ್ರು. ಅವನು ಹಾಡೋದು ಯಾಕೆ ನಿಲ್ಲಿಸಿದ ಅಂತ ತೋರಿಸಲಿಲ್ಲ" ಎಂದರು.

ಯಾರಿಗೂ ಹೊಳೆಯದ ಮಾತು ಅದು. ಬಸ್ಸಿನ ಮುಂದಿನ ಸೀಟು, ಹಿಂದಿನ ಸೀಟು, ಎರಡೂ ಕಡೆಯವರು ವಾರವಿಡೀ ವಾದಿಸಿ ಮುಟ್ಟದ ಜಾಗ. ಸರ್ವಮಂಗಳಾ ತುಸು ತಗ್ಗಿದ ದನಿಯಲ್ಲಿ, ಯಾಕೆ ನಿಲ್ಲಿಸಿರಬಹುದು ಮಾವ ಎಂದು ಕೇಳಿದಳು.

"ಯಾರೂ ಹಾಡು ಅನ್ನಲಿಲ್ಲ ಕಣಮ್ಮ" ಎಂದರು ಅಪ್ಪ.

ಆಮೇಲೆ ಅಮ್ಮ ಹೇಳಿದಳು. ಬಾಗಿಲಿನ ಕಡೆ ನೋಡುತ್ತ, ಯಾರಿಗೂ ಅಲ್ಲ ಎಂಬಂತೆ ಹೇಳಿದಳು. ಚಿಕ್ಕಯ್ಯನಛತ್ರದ ಕಡೆಯ ಊರಿನಲ್ಲಿ ಅಪ್ಪ ಇಪ್ಪತ್ತರ ತರುಣನಾಗಿದ್ದಾಗ ನಾಟಕದಲ್ಲಿ ರಾಜನ ಪಾತ್ರ ಹಾಕುತ್ತಿದ್ದರಂತೆ. ಅವರ ಹಾಡು ಕೇಳಲು ಪಕ್ಕದ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಅಂಥ ಒಂದು ಗಾಡಿಯಲ್ಲಿ ಬಂದವಳೇ ಅಮ್ಮ. ಮದುವೆಯಾದ ವರ್ಷ ದೊಡ್ಡಪ್ಪ ತೀರಿಕೊಂಡು, ಅವರು ನೋಡಿಕೊಳ್ಳುತ್ತಿದ್ದ ನಂಜನಗೂಡಿನ ಅಂಗಡಿ ಅಪ್ಪನ ತಲೆಗೆ ಬಂತು. ಅಪ್ಪ ಒಂದು ದಿನ ಬಟ್ಟೆ ಮಡಚುತ್ತ ಗುನುಗಿದಾಗ ತಾತ ಬಂದು, ಅಣ್ಣ ಸತ್ತು ವರ್ಷ ತುಂಬಿಲ್ಲ, ಇಲ್ಲಿ ಹಾಡೇ ಎಂದರಂತೆ. ವರ್ಷ ತುಂಬಿದ ಮೇಲೆ ಹಾಡಬಹುದು ಎಂದು ಹೇಳಲು ತಾತ ಮರೆತರು. ಅಮ್ಮ ಕೂಡ ಹೊಸ ಸೊಸೆ, ಬಾಯಿ ಬಿಡಲಿಲ್ಲ. ಆಮೇಲೆ ಮಕ್ಕಳು, ಮನೆ, ಅಂಗಡಿ ಎಂದು ನಲವತ್ತು ವರ್ಷ ಕಳೆದವು. ಇದ್ದದ್ದನ್ನು ಇರಲಿಲ್ಲ ಎಂದರೆ ನನಗೆ ಹೇಗಾಗಬೇಕು ಎಂದು ಅಮ್ಮ ಕೇಳಿದಳು. ಸರ್ವಮಂಗಳಾ ಮೇಲಿನ ಅವಳ ಕೋಪದ ಬೇರು ಎಲ್ಲಿತ್ತು ಎಂದು ಆಗ ಗೊತ್ತಾಯಿತು.

ಸರ್ವಮಂಗಳಾ ತಪ್ಪಾಯಿತು ಎನ್ನಲಿಲ್ಲ, ಅದು ಅವಳ ಸ್ವಭಾವವಲ್ಲ. ಎದ್ದು ಹೋಗಿ ಅಪ್ಪನ ಮುಂದೆ ನೆಲದ ಮೇಲೆ ಕುಳಿತಳು.

"ಮಾವ, ಹಾಡಿ."

ಅಪ್ಪ ಕೈಯಾಡಿಸಿದರು, ಗಂಟಲಿಲ್ಲ ಎಂದರು, ಮರೆತಿದೆ ಎಂದರು. ಅವಳು ಕದಲಲಿಲ್ಲ. ಚಿಕ್ಕಮಾದು ಕಾಫಿ ಲೋಟ ಕೆಳಗಿಟ್ಟು, ತೊಡೆಯ ಮೇಲೆ ಬೆರಳಿನಿಂದ ತಾಳ ಹಿಡಿದ. ಅಪ್ಪ ಅಡುಗೆಮನೆಯ ಹೊಸ್ತಿಲ ಮೇಲೆ ಹೋಗಿ ಕುಳಿತರು. ಎಲ್ಲರ ಎದುರು ನಾಚಿಕೆಯಾಗಿರಬೇಕು. ಅಲ್ಲಿಂದ, ರಾಜ್ಯ ಕಳೆದುಕೊಂಡ ರಾಜ ಕಾಡಿನಲ್ಲಿ ಮಲಗಿರುವ ಹೆಂಡತಿಯನ್ನು ನೋಡಿ ಹಾಡುವ ಹಾಡನ್ನು ಶುರು ಮಾಡಿದರು. ಧ್ವನಿ ಮೊದಲು ಹಳೆಯ ಕದ ತೆರೆದಂತೆ ಕಿರುಗುಟ್ಟಿತು. ಎರಡನೆಯ ಸಾಲಿನಲ್ಲಿ ಸರಿಹೋಯಿತು. ಮೂರನೆಯದು ಮರೆತುಹೋಗಿ ನಿಂತರು, ಅಮ್ಮ ನಿಂತಲ್ಲಿಂದಲೇ ಅದನ್ನು ಹೇಳಿಕೊಟ್ಟಳು. ಆಮೇಲೆ ಅವರು ನಿಲ್ಲಲಿಲ್ಲ. ಮೇಲಿನ ಸ್ಥಾಯಿಗೆ ಹೋದಾಗ ಕತ್ತಿನ ನರ ಉಬ್ಬಿತು, ಬಲಗೈ ತಾನಾಗಿ ಮೇಲೆದ್ದಿತು. ನಲವತ್ತು ವರ್ಷ ಗಜಕೋಲು ಹಿಡಿದ ಆ ಕೈಯಲ್ಲಿ ಒಬ್ಬ ರಾಜನಿದ್ದದ್ದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು. ಕಂಡ ಕಂಡವರ ಅಭಿಪ್ರಾಯ ಕೇಳಿಕೊಂಡು ಬದುಕಿದ ನಾನು ಅಪ್ಪನನ್ನು ಒಂದು ಮಾತೂ ಕೇಳಿರಲಿಲ್ಲ.

ಮುಗಿದಾಗ ಚಿಕ್ಕಮಾದು ಎದ್ದು ಅಪ್ಪನ ಕಾಲು ಮುಟ್ಟಿದ. ಗೃಹಪ್ರವೇಶದ ದಿನ ಹಾರ್ಮೋನಿಯಂ ತಾನು ಹಿಡಿಯುತ್ತೇನೆ, ಹಾಡುವವರು ನೀವೇ ಎಂದು ಒಪ್ಪಿಸಿಕೊಂಡೇ ಹೋದ. ಸರ್ವಮಂಗಳಾ ಬ್ಯಾಗಿನಿಂದ ಸೀರೆಗಳನ್ನು ತೆಗೆದು ಬೀರುವಿಗೆ ಜೋಡಿಸಿದಳು. ಮಧ್ಯಾಹ್ನ ಅತ್ತೆಯನ್ನು ನೇರವಾಗಿ, ಸಾರಿಗೆ ಉಪ್ಪು ಸರಿಯಾಗಿದೆಯಾ ನೋಡಿ ಎಂದು ಕರೆದಳು. ಸಿನಿಮಾದ ವಿಷಯದಲ್ಲಿ ಮಾತ್ರ ಅವಳು ಬದಲಾಗಲಿಲ್ಲ. ಮಾವ ಒಂದೇ ಹಾಡಿನಲ್ಲಿ ಹೇಳಿದ್ದನ್ನು ಅವರು ಅಷ್ಟು ಹಾಡು ಹಾಡಿ ಹೇಳಬೇಕಾಯಿತು ಎಂದಳು. ಅದಕ್ಕೆ ಅಮ್ಮ, ನಿಮ್ಮ ಮಾವನಿಗೂ ಆಗ ಅಷ್ಟೊಂದು ಹಾಡು ಬರುತ್ತಿದ್ದವು ಎಂದಳು. ಇಬ್ಬರೂ ನಕ್ಕರು.

ಸೋಮವಾರ ನಾನು ಒಂದು ನಿರ್ಧಾರ ಮಾಡಿ ಬಸ್ಸು ಹತ್ತಿದೆ. ಈ ಸಲ ಡ್ರೈವರಿನ ಹಿಂದೆ ನಿಂತು ಎಲ್ಲರಿಗೂ ಕೇಳಿಸುವಂತೆ, ಆ ಸಿನಿಮಾ ನನಗೆ ಬಹಳ ಇಷ್ಟವಾಯಿತು ಎಂದು ಹೇಳಿದೆ. ಯಾರೂ ತಲೆಯೆತ್ತಲಿಲ್ಲ. ಮೇಷ್ಟರುಗಳು ಕ್ರಿಕೆಟ್ಟಿಗೆ ಹೋಗಿಬಿಟ್ಟಿದ್ದರು. ಚಿಕ್ಕಮಾದು ಅಂದು ರಜ. ಜೀವನದಲ್ಲಿ ಮೊದಲ ಸಲ ನನ್ನದೇ ಆದ ಅಭಿಪ್ರಾಯ ಕೈಯಲ್ಲಿತ್ತು, ತೆಗೆದುಕೊಳ್ಳುವವರೇ ಇರಲಿಲ್ಲ. ಕೊನೆಗೆ ಪಕ್ಕದಲ್ಲಿ ಕುಳಿತಿದ್ದ, ಬಾಳೆಗೊನೆ ತೊಡೆಯ ಮೇಲಿಟ್ಟುಕೊಂಡಿದ್ದ ಹಿರಿಯರೊಬ್ಬರು ಕರುಣೆಯಿಂದ, ಯಾವ ಪಿಚ್ಚರ್ ಸಾ ಎಂದರು. ನಾನು ಇಡೀ ಕಥೆ ಹೇಳಿದೆ. ಸಂತೆಯಿಂದ ಹಿಡಿದು ಖಾಲಿ ಕುರ್ಚಿಯವರೆಗೆ, ಅಲ್ಲಿಂದ ಮುಂದೆಯೂ ಹೇಳಿದೆ. ನರಸೀಪುರದ ಬಸ್ ಸ್ಟ್ಯಾಂಡು ಬರುವವರೆಗೂ ಹೇಳುತ್ತಲೇ ಇದ್ದೆ. ಅವರು ಗಮನವಿಟ್ಟು ಕೇಳಿ, ಇಳಿಯುವ ಮುಂಚೆ ಅನುಮಾನದಿಂದ ತಲೆ ಕೆರೆದುಕೊಂಡರು.

"ಆ ಪಿಚ್ಚರ ನಾನೂ ನೋಡಿವ್ನಿ ಸಾ, ಇಲ್ಲೇ ನರಸೀಪುರದಲ್ಲಿ. ಆ ಯಪ್ಪ ವಯಸ್ಸಾದ್ಮೇಲೆ ಅಡ್ಗೆಮನೆ ವಸ್ಲು ಮೇಲೆ ಕುಂತು ಹಾಡ್ತಾನೆ ಅಂದ್ರಲ್ಲ, ಆ ಸೀನು ನಮಗೆ ಬರ್ಲೇ ಇಲ್ಲ. ಕಟ್ ಮಾಡ್ಬುಟ್ರಾ?"

ಎಂದಿನಂತೆ ಅವರ ಮುಖ ನೋಡಿದೆ. ಆಮೇಲೆ, ಹೌದು, ನಂಜನಗೂಡಿನಲ್ಲಿ ಮಾತ್ರ ಪೂರ್ತಿ ತೋರಿಸಿದರು ಎಂದೆ.